ಕೆರೆ ಸಂಘದ ಸರ್ವಾನುಮತದ ನಿರ್ಣಯಗಳಲ್ಲಿ ಅಧಿಕಾರವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಸಂಶೋಧನಾರ್ಥಿ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ತಾಲ್ಲೂಕಿನ ಒಂದು ಊರಿನ ಕೆರೆ ನಿರ್ವಹಣೆಯನ್ನು ಕುರಿತು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಅಧ್ಯಯನ ನಡೆಸುತ್ತಿದ್ದೇನೆ. ಊರಿನವರಿಗೆ ಕೊಟ್ಟ ಮಾತಿನಂತೆ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿನ ಕೆರೆ ಬಳಕೆದಾರರ ಸಂಘದ ನಡವಳಿ ಪುಸ್ತಕಗಳನ್ನು ಓದಲು ಅನುಮತಿ ದೊರೆತಿದೆ. ಅವುಗಳಲ್ಲಿರುವ ಪ್ರತಿಯೊಂದು ನಿರ್ಣಯವೂ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದೇ ಮುಗಿಯುತ್ತದೆ. ಹೂಳು ತೆಗೆಸುವುದು, ಏರಿಯ ಮೇಲಿನ ಜಾಲಿ ಕಡಿಸುವುದು ಮುಂತಾದ ವಿಷಯಗಳಲ್ಲಿ ಇದು ಸಹಜವೇ. ಆದರೆ ಕೆರೆ ತುಂಬಿದ ವರ್ಷದಲ್ಲಿಯೂ ತೂಬು ಎತ್ತಬಾರದು, ಅಂತರ್ಜಲ ಹೆಚ್ಚಲೆಂದು ನೀರನ್ನು ಕೆರೆಯಲ್ಲೇ ಉಳಿಸಿಕೊಳ್ಳಬೇಕು ಎಂಬ ನಿರ್ಣಯಕ್ಕೆ, ಅಚ್ಚುಕಟ್ಟಿನ ಕೊನೆಯಲ್ಲಿ ಭತ್ತದ ಗದ್ದೆಯಿದ್ದು ಕೊಳವೆಬಾವಿಯಿಲ್ಲದ ರೈತರೂ ಸಹಿ ಹಾಕಿದ್ದಾರೆ. ತೆಂಗಿನ ತೋಟವೂ ಕೊಳವೆಬಾವಿಯೂ ಇರುವವರಿಗೆ ಇದರಿಂದ ಲಾಭವಿರುವುದು ಸ್ಪಷ್ಟ. ಗದ್ದೆಯನ್ನು ಬೀಳು ಬಿಟ್ಟವರನ್ನು ಕೇಳಿದರೆ ‘ಊರಿಗೆ ಒಳ್ಳೆಯದಾಗುತ್ತದಲ್ಲ’ ಎನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಸಾಮೂಹಿಕ ಸಂಪನ್ಮೂಲಗಳ ಬಗ್ಗೆ ಎಲಿನಾರ್ ಆಸ್ಟ್ರಮ್ ಅವರು 1990ರಲ್ಲಿ ಮುಂದಿಟ್ಟ ಎಂಟು ತತ್ವಗಳನ್ನು ಹಿಡಿದು ನೋಡಿದರೆ ಈ ಸಂಘ ಯಶಸ್ವಿ ಸಂಸ್ಥೆಯಂತೆಯೇ ಕಾಣುತ್ತದೆ. ಸದಸ್ಯರು ಯಾರೆಂಬುದು ಗೊತ್ತು, ನಿಯಮಗಳಿವೆ, ಸಭೆಗಳು ನಡೆಯುತ್ತವೆ, ದಂಡವೂ ಇದೆ. ಆದರೂ ಹಾಗೆಂದು ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಜಗಳವೇ ಕಾಣದ ಕಡೆಯಲ್ಲಿ ಅಧಿಕಾರ ಕೆಲಸ ಮಾಡಿದೆ ಎಂದು ಹೇಳಲು ಯಾವ ಬಗೆಯ ಸಾಕ್ಷ್ಯ ಬೇಕಾಗುತ್ತದೆ? ರೈತರಿಗೆ ತಮ್ಮ ಹಿತ ಯಾವುದೆಂದು ತಿಳಿದಿಲ್ಲ ಎಂದು ಬರೆಯುವ ಹಕ್ಕು ನನಗಿದೆಯೇ?

ಉತ್ತರ: ನಿವೃತ್ತ ಅಧ್ಯಾಪಕ, ಹಾಸನ

ನೀವು ಎತ್ತಿರುವ ಪ್ರಶ್ನೆಗೆ ಅರವತ್ತು ವರ್ಷಗಳಿಗೂ ಮೀರಿದ ಚರ್ಚೆಯ ಹಿನ್ನೆಲೆಯಿದೆ. ಅಮೆರಿಕದ ನ್ಯೂ ಹೇವನ್ ನಗರವನ್ನು ಅಧ್ಯಯನ ಮಾಡಿ 1961ರಲ್ಲಿ ಪ್ರಕಟಿಸಿದ ರಾಬರ್ಟ್ ಡಾಲ್, ವಿವಾದವೆದ್ದ ನಿರ್ಧಾರಗಳಲ್ಲಿ ಯಾರ ಮಾತು ಗೆದ್ದಿತು ಎಂಬುದನ್ನು ನೋಡಿ ಅಧಿಕಾರವನ್ನು ಅಳೆದರು. ಮರುವರ್ಷವೇ ಬ್ಯಾಕ್ರಾಕ್ ಮತ್ತು ಬ್ಯಾರಟ್ಜ್ ಇದಕ್ಕೆ ಆಕ್ಷೇಪವೆತ್ತಿ, ಕೆಲವು ವಿಷಯಗಳು ಸಭೆಯವರೆಗೆ ಬಾರದಂತೆ ತಡೆಯುವುದೂ ಅಧಿಕಾರವೇ ಎಂದು ವಾದಿಸಿದರು. 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನರು ಏನನ್ನು ಬಯಸಬೇಕು ಎಂಬುದನ್ನೇ ರೂಪಿಸುವ ಮೂರನೆಯ ನೆಲೆಯನ್ನು ಗುರುತಿಸಿದರು.

ನೀವು ಒಮ್ಮೆಲೇ ಮೂರನೆಯ ನೆಲೆಗೆ ಹೋಗಿರುವುದರಿಂದಲೇ ಹಕ್ಕಿನ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ ಎಂದು ನನಗೆ ತೋರುತ್ತದೆ. ಮೊದಲು ಎರಡನೆಯ ನೆಲೆಯಲ್ಲಿ ನಿಂತು, ನಡವಳಿ ಪುಸ್ತಕದಲ್ಲಿ ಇಲ್ಲದಿರುವ ವಿಷಯಗಳ ಪಟ್ಟಿ ಮಾಡಿ. ಒಂದು ವರ್ಷ ಬಿಟ್ಟು ಒಂದು ವರ್ಷವಾದರೂ ತೂಬು ಎತ್ತಬೇಕೆಂಬ ಬೇಡಿಕೆ, ನೀರು ತಪ್ಪಿದವರಿಗೆ ಮೀನಿನ ಹರಾಜಿನ ಹಣದಲ್ಲಿ ಪಾಲು, ಕೆರೆಯ ಆಸುಪಾಸಿನಲ್ಲಿ ಹೊಸ ಕೊಳವೆಬಾವಿಗೆ ಮಿತಿ, ಇಂಥ ಮಾತುಗಳು ಅರಳಿಕಟ್ಟೆಯಲ್ಲಿಯೋ ಟೀ ಅಂಗಡಿಯಲ್ಲಿಯೋ ಕೇಳಿಬಂದು ಸಭೆಯನ್ನು ಮಾತ್ರ ತಲುಪದೇ ಹೋಗಿದ್ದರೆ, ಅವು ಎಲ್ಲಿ, ಯಾರ ಎದುರು ನಿಂತುಹೋದವು ಎಂಬುದನ್ನು ವಿಚಾರಿಸಬಹುದು. ಅದು ಗಟ್ಟಿಯಾದ ಸಾಕ್ಷ್ಯ. ಅದಕ್ಕಾಗಿ ಯಾರ ಮನಸ್ಸಿನೊಳಗನ್ನೂ ನೀವು ಊಹಿಸಬೇಕಾಗಿಲ್ಲ.

ಆಸ್ಟ್ರಮ್ ಅವರನ್ನು ಬದಿಗಿಡಬೇಡಿ. ಪ್ರಯೋಜನಕ್ಕೂ ಅದಕ್ಕಾಗಿ ಹಾಕುವ ದುಡಿಮೆ ಮತ್ತು ಹಣಕ್ಕೂ ಹೊಂದಾಣಿಕೆ ಇರಬೇಕೆಂಬುದು ಅವರ ಎರಡನೆಯ ತತ್ವದ ತಿರುಳು. ನಿಯಮದಿಂದ ಬಾಧಿತರಾಗುವವರಿಗೆ ಆ ನಿಯಮವನ್ನು ಬದಲಿಸುವುದರಲ್ಲಿ ಪಾಲುಗೊಳ್ಳುವ ಅವಕಾಶವಿರಬೇಕೆಂದು ಮೂರನೆಯದು ಹೇಳುತ್ತದೆ. ಸಭೆಯಲ್ಲಿ ಕೂತು ಸಹಿ ಹಾಕಿದ್ದು ಈ ಮೂರನೆಯ ತತ್ವಕ್ಕೆ ಸಾಕಾಗುವುದಿಲ್ಲ. ಏರಿ ರಿಪೇರಿಗೆ ವಂತಿಗೆಯನ್ನು ಜಮೀನಿನ ಲೆಕ್ಕದಲ್ಲಿ ಎಲ್ಲರಿಂದಲೂ ಎತ್ತಿ, ನೀರಿನ ಫಲ ತೋಟದವರಿಗೆ ಮಾತ್ರ ಸಿಗುತ್ತಿದ್ದರೆ, ಆಸ್ಟ್ರಮ್ ಅವರ ಪಟ್ಟಿಯ ಪ್ರಕಾರವೇ ಈ ಸಂಘವನ್ನು ಯಶಸ್ವಿ ಎನ್ನಲು ಬಾರದು.

ಉತ್ತರ: ಕೃಷಿಕ, ಕಡೂರು

ಮೇಲಿನ ಉತ್ತರವನ್ನು ಗೌರವದಿಂದಲೇ ಓದಿದ್ದೇನೆ. ಆದರೂ ಸಹಿ ಹಾಕಿದ ರೈತರ ಕಡೆಯಿಂದ ಒಂದು ಮಾತು ಹೇಳಬೇಕಾಗಿದೆ. ಅರಸೀಕೆರೆಯಂತೆ ನಮ್ಮ ಕಡೂರು ಸೀಮೆಯೂ ಮಲೆನಾಡಿನ ಬೆನ್ನಿಗಿರುವ ಮಳೆ ನೆರಳಿನ ಪ್ರದೇಶ. ಕೆರೆ ಕೋಡಿ ಬೀಳುವುದು ಪ್ರತಿ ವರ್ಷದ ಮಾತಲ್ಲ. ಎಂದೋ ಒಂದು ವರ್ಷ ಬರುವ ಭತ್ತಕ್ಕಿಂತ, ವರ್ಷವಿಡೀ ದನಕರುಗಳಿಗೆ ನೀರು, ಪಂಚಾಯಿತಿಯ ಕುಡಿಯುವ ನೀರಿನ ಬೋರ್‌ವೆಲ್ ಬತ್ತದಿರುವುದು, ಪಕ್ಕದ ತೋಟಗಳಲ್ಲಿ ಕೂಲಿ ಸಿಗುವುದು ಚಿಕ್ಕ ಹಿಡುವಳಿದಾರನಿಗೆ ಹೆಚ್ಚಿನದಾಗಿ ಕಾಣಬಹುದು. ಅವನು ಲೆಕ್ಕ ಹಾಕಿಯೇ ಒಪ್ಪಿರುವ ಸಾಧ್ಯತೆಯನ್ನು ಪ್ರಬಂಧದಲ್ಲಿ ಗಂಭೀರವಾಗಿ ಪರೀಕ್ಷಿಸಬೇಕು. ಆದರೆ ಅದೇ ರೈತ ಕೂಲಿಗಾಗಿ, ಕಷ್ಟಕಾಲದ ಕೈಸಾಲಕ್ಕಾಗಿ, ರಾಗಿ ಪೈರು ಒಣಗುವಾಗ ಒಂದು ಪಾಳಿ ನೀರಿಗಾಗಿ ತೋಟದವರನ್ನೇ ಅವಲಂಬಿಸಿದ್ದರೆ, ಅವನ ಲೆಕ್ಕಾಚಾರ ಸರಿಯಾದದ್ದೇ ಆಗಿದ್ದರೂ ಅದು ಹಂಗಿನಲ್ಲಿ ಮಾಡಿದ ಲೆಕ್ಕಾಚಾರವಾಗುತ್ತದೆ. ಒಪ್ಪಿಗೆ ನಿಜವೋ ಸುಳ್ಳೋ ಎಂದು ಕೇಳುವುದರ ಬದಲು, ಒಪ್ಪದಿದ್ದರೆ ಅವನು ಏನನ್ನು ಕಳೆದುಕೊಳ್ಳುತ್ತಿದ್ದ ಎಂದು ಕೇಳಿ ನೋಡಿ.

ಇನ್ನೊಂದು ವಿಷಯ ನೀರುಗಂಟಿಯದು. ಗ್ರಾಮಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲು ಅನೇಕ ಊರುಗಳಲ್ಲಿ ತೂಬನ್ನು ಎತ್ತಿ ಇಳಿಸುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಕಟ್ಟುವುದು ನೀರುಗಂಟಿಯ ಕೆಲಸವಾಗಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಹುಟ್ಟಿನಿಂದ ಬಂದ ಆ ಚಾಕರಿಯಲ್ಲಿ, ಸುಗ್ಗಿಯಲ್ಲಿ ಜಮೀನುದಾರರು ಅಳೆದು ಕೊಡುವ ಧಾನ್ಯಕ್ಕೆ ಕಾಯಬೇಕಾಗಿದ್ದ ಮನೆತನಗಳಿಗೆ ಆ ಕಾಯಿದೆ ಬಿಡುಗಡೆಯೂ ಆಗಿತ್ತು. ಆದರೆ ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ತನ್ನ ಹೊಣೆ ಎಂದುಕೊಂಡಿದ್ದ ಒಬ್ಬ ವ್ಯಕ್ತಿ ಅಲ್ಲಿದ್ದ. ನಿಮ್ಮ ಊರಿನಲ್ಲಿ ಈಗ ತೂಬಿನ ಕೆಲಸ ಯಾರ ಕೈಯಲ್ಲಿದೆ, ಅವನಿಗೆ ಸಂಬಳ ಕೊಡುವವರು ಯಾರು, ರಾತ್ರಿ ಕದ್ದು ತೂಬು ಎತ್ತಿದ ಪ್ರಸಂಗಗಳು ನಡೆದಿವೆಯೇ ಎಂದು ವಿಚಾರಿಸಿ. ಸಭೆಯಲ್ಲಿ ಸಹಿ ಹಾಕಿ ಕತ್ತಲಲ್ಲಿ ತೂಬು ಎತ್ತಿದವರಿದ್ದರೆ ನಿಮ್ಮ ಸರ್ವಾನುಮತದ ಕಥೆಯೇ ಬೇರೆಯಾಗುತ್ತದೆ.

ಕಾನೂನಿನ ಒಂದು ಅಂಶವನ್ನೂ ನೋಡಿಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೂ ಸೇರುತ್ತವೆ. ತೂಬು ಮುಚ್ಚಲು ಸಂಘಕ್ಕೆ ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ಲಿಖಿತ ಆಧಾರವಿದೆಯೇ?

ಉತ್ತರ: ಅಧ್ಯಾಪಕಿ, ಚಿಕ್ಕಮಗಳೂರು

ಕ್ಷೇತ್ರಕಾರ್ಯದ ಬಗ್ಗೆ ಮಾತ್ರ ಹೇಳುತ್ತೇನೆ. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಅಧ್ಯಯನ ನಡೆಸಿದಾಗ ಉಳಿದುಕೊಂಡಿದ್ದು ಊರಿನ ಮುಖಂಡರ ಆಶ್ರಯದಲ್ಲಿ. ಸಂಖ್ಯೆ, ಭೂಮಿ ಮುಂತಾದವುಗಳ ಬಲದಿಂದ ಊರನ್ನು ನಡೆಸುವ ಪ್ರಬಲ ಜಾತಿಯ ಪರಿಕಲ್ಪನೆ ಅಲ್ಲಿಯ ಅನುಭವದಿಂದ ಗಟ್ಟಿಗೊಂಡಿತು. ಮುಖಂಡರ ಆಸರೆಯಿಂದ ಅವರಿಗೆ ಊರಿನ ನಡುವಿನ ಬದುಕು ತೆರೆದುಕೊಂಡಿತು, ದಲಿತರ ಕೇರಿ ಅಷ್ಟಾಗಿ ತೆರೆದುಕೊಳ್ಳಲಿಲ್ಲ. ನೀವು ಸಂಘದ ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿ, ಅವರ ಬೈಕಿನಲ್ಲಿ ಕೂತು ಅಚ್ಚುಕಟ್ಟಿನ ಕೊನೆಗೆ ಹೋಗಿ ಪ್ರಶ್ನೆ ಕೇಳಿದರೆ ‘ಊರಿಗೆ ಒಳ್ಳೆಯದು’ ಎಂಬ ಉತ್ತರವಲ್ಲದೆ ಬೇರೆಯದು ಬರುವುದು ಕಷ್ಟ.

ಖಾತೆದಾರರಿಗಷ್ಟೇ ಸದಸ್ಯತ್ವವಿದ್ದರೆ ನಿಮ್ಮ ‘ಸರ್ವ’ರೊಳಗೆ ಹೆಂಗಸರು ಎಷ್ಟು ಜನ, ಭೂಮಿಯಿಲ್ಲದವರು ಎಷ್ಟು ಜನ? ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅದೇ ಊರಿನ ಕೆರೆ ಸಂಘದಲ್ಲಿ ಪಹಣಿಯೇ ಬಾಗಿಲು ಕಾಯುತ್ತಿರಬಹುದು. ಬಟ್ಟೆ ಒಗೆಯುವವರು, ದನ ಮೇಯಿಸುವವರು, ಮೀನು ಹಿಡಿಯುವವರು ಕೆರೆಯನ್ನು ದಿನವೂ ಬಳಸುತ್ತಾರೆ, ಆದರೂ ಸಂಘದ ಪುಸ್ತಕದಲ್ಲಿ ಅವರು ಬಳಕೆದಾರರೇ ಅಲ್ಲ.

ವಿಧಾನದ ಮಟ್ಟಿಗೆ, ಅಮೆರಿಕದ ಅಪಲೇಶಿಯಾ ಬೆಟ್ಟಸೀಮೆಯ ಗಣಿ ಕಣಿವೆಯೊಂದರ ಜನರ ಮೌನವನ್ನು ಕುರಿತು ಜಾನ್ ಗವೆಂಟಾ 1980ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ದಾರಿ ಸಿಗುತ್ತದೆ. ಮೇಲಿನವರ ಹಿಡಿತ ಸಡಿಲವಾದ ಗಳಿಗೆಯಲ್ಲಿ ಜನರ ಬೇಡಿಕೆಗಳು ಬದಲಾಗುತ್ತವೆಯೇ ಎಂಬುದನ್ನು ಗಮನಿಸಬೇಕು. ನಿಮ್ಮ ಊರಿನಲ್ಲಿ ಮೀಸಲಾತಿಯ ಸರದಿಯಿಂದ ಪಂಚಾಯಿತಿ ಅಧ್ಯಕ್ಷಗಿರಿ ಬೇರೆ ಸಮುದಾಯಕ್ಕೆ ಹೋದ ಅವಧಿ ಇರಬಹುದು, ದೊಡ್ಡ ಮನೆತನವೊಂದು ಪಾಲಾಗಿ ಒಡೆದ ಸಂದರ್ಭ ಇರಬಹುದು. ಆಗಿನ ಗ್ರಾಮಸಭೆಯ ನಡವಳಿಗಳನ್ನು ಮಾಹಿತಿ ಹಕ್ಕಿನಡಿ ಪಡೆದು ಸಂಘದ ಪುಸ್ತಕದ ಪಕ್ಕದಲ್ಲಿಟ್ಟು ಓದಿ. ತೂಬಿನ ವಿಷಯ ಒಂದರಲ್ಲಿ ಎದ್ದು ಇನ್ನೊಂದರಲ್ಲಿ ಕಾಣದಿದ್ದರೆ, ಆ ವ್ಯತ್ಯಾಸದಲ್ಲೇ ನಿಮ್ಮ ಅಧ್ಯಾಯವಿದೆ.

ಹಕ್ಕಿನ ಪ್ರಶ್ನೆಗೆ ನನ್ನ ಉತ್ತರವಿದು. ಅವರಿಗೆ ಹಿತ ತಿಳಿದಿಲ್ಲ ಎಂದು ಬರೆಯಬೇಡಿ. ಮಲೇಷ್ಯಾದ ಭತ್ತದ ಹಳ್ಳಿಯಲ್ಲಿದ್ದು 1985ರಲ್ಲಿ ಬರೆದ ಜೇಮ್ಸ್ ಸ್ಕಾಟ್ ತೋರಿಸಿದಂತೆ, ಬಡವರು ಉಳ್ಳವರೆದುರು ಆಡುವ ಮಾತೇ ಬೇರೆ, ತಮ್ಮತಮ್ಮಲ್ಲಿ ಆಡುವ ಮಾತೇ ಬೇರೆ. ಆ ಎರಡನೆಯ ಮಾತು ನಿಮ್ಮ ಕಿವಿಗೆ ಬೀಳುವವರೆಗೆ ತೀರ್ಮಾನವನ್ನು ತಡೆಹಿಡಿಯಿರಿ.

ಮರುಪ್ರಶ್ನೆ: ಸಂಶೋಧನಾರ್ಥಿ, ಅರಸೀಕೆರೆ

ಮೂವರಿಗೂ ಕೃತಜ್ಞತೆಗಳು. ಮೂರು ವರ್ಷಗಳ ಸಭೆಗಳಲ್ಲಿ ಮೊದಲ ಸಹಿಗಳು ಒಂದೇ ಕ್ರಮದಲ್ಲಿವೆ, ಕೊನೆಯವರ ಸಹಿಗಳು ಬೇರೆ ಶಾಯಿಯಲ್ಲಿವೆ ಎಂಬುದನ್ನು ಗುರುತು ಹಾಕಿಟ್ಟಿದ್ದೆ. ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಪಡೆದಿದ್ದಾರೆಯೇ ಎಂದು ಈಗ ವಿಚಾರಿಸುತ್ತೇನೆ. ಆದರೆ ರಾತ್ರಿ ತೂಬು ಎತ್ತಿದವರ ಬಗ್ಗೆ ಬರೆದರೆ ಊರಿನ ಹೆಸರು ಮರೆಸಿದರೂ ಅಲ್ಲಿಯವರಿಗೆ ಅವರು ಯಾರೆಂದು ತಿಳಿಯುವುದಿಲ್ಲವೇ?

ಉತ್ತರ: ಅಧ್ಯಾಪಕಿ, ಚಿಕ್ಕಮಗಳೂರು

ಖಂಡಿತ ತಿಳಿಯುತ್ತದೆ, ಅದರ ಪರಿಣಾಮವನ್ನು ಅನುಭವಿಸುವವರು ನೀವಲ್ಲ, ಅವರು. ಆದ್ದರಿಂದ ವ್ಯಕ್ತಿಯ ಪ್ರಸಂಗವಾಗಿ ಬರೆಯದೆ, ನಿಯಮ ಮೀರುವ ಬಗೆಯಾಗಿ ಬರೆಯಿರಿ. ವರ್ಷ, ಗದ್ದೆಯ ಸ್ಥಾನ, ಜಾತಿ, ಈ ಮೂರನ್ನೂ ಒಂದೇ ಕಡೆ ಕೊಡಬೇಡಿ. ಕರಡು ಅಧ್ಯಾಯವನ್ನು ಸಂಘದ ಪದಾಧಿಕಾರಿಗಳಿಗೆ ತೋರಿಸುವುದಕ್ಕೆ ಮೊದಲು ಅಚ್ಚುಕಟ್ಟಿನ ಕೊನೆಯವರಿಗೆ ಓದಿ ಹೇಳಿ, ಅವರು ಬೇಡವೆಂದ ಭಾಗವನ್ನು ತೆಗೆದುಬಿಡಿ.