ಅಪ್ಪನ ಆಟೋ ಮಾರ್ತಿದ್ದೀವಿ, ಒಳಗಿರೋ ಶಂಕ್ರಣ್ಣನ ಫೋಟೋ ಏನು ಮಾಡೋದು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಮೂರು ತಿಂಗಳಾಯ್ತು. ಮೂವತ್ತು ವರ್ಷಕ್ಕೂ ಮೇಲೆ ಇದೇ ಊರಲ್ಲಿ ಆಟೋ ಓಡಿಸಿದವರು. ಈಗ ಗಾಡಿಗೆ ಗಿರಾಕಿ ಸಿಕ್ಕಿದ್ದಾನೆ, ಇಪ್ಪತ್ತೆರಡರ ಹುಡುಗ. ಹೊಸ ಹುಡ್ ಹಾಕಿಸ್ತೀನಿ, ಒಳಗಿರೋದನ್ನ ಬಿಚ್ಚಿಕೊಳ್ಳಿ ಅಂದ. ಒಳಗಿರೋದು ಒಂದೇ. ಡ್ರೈವರ್ ಸೀಟಿನ ಹಿಂದೆ, ಕಟ್ಟು ಹಾಕಿಸಿದ ಶಂಕರ್‌ನಾಗ್ ಫೋಟೋ, ಖಾಕಿ ಅಂಗಿಯದು. ಅಪ್ಪ ಮೂರು ಗಾಡಿ ಬದಲಾಯಿಸಿದರು, ಫೋಟೋ ಮಾತ್ರ ಅದೇ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಶಂಕ್ರಣ್ಣ ಕಾರು ಅಪಘಾತದಲ್ಲಿ ತೀರಿಕೊಂಡಿದ್ದು ನಮ್ಮೂರ ಪಕ್ಕದ ಆನಗೋಡಿನ ಹತ್ತಿರ. ಶೂಟಿಂಗಿಗೆ ಹೊರಟಿದ್ದರು. ಬರೀ 35 ವರ್ಷ. ಅಪ್ಪ ಆಗಷ್ಟೇ ಬಾಡಿಗೆಗೆ ಆಟೋ ಹಿಡಿದಿದ್ದರಂತೆ. ಸುದ್ದಿ ಬಂದಾಗ ಸ್ಟ್ಯಾಂಡಿನಲ್ಲಿದ್ದ ಯಾರೂ ಬಾಡಿಗೆಗೆ ಹೋಗಲಿಲ್ಲ ಅಂತ ಹೇಳೋರು. ಅಲ್ಲಿಂದಾಚೆ ಪ್ರತಿ ವರ್ಷ ಆ ತಾರೀಖು ಬಿಸಿಲು ಏರೋತನಕ ಅಪ್ಪ ಗಾಡಿ ತೆಗೀತಿರಲಿಲ್ಲ. ಒಮ್ಮೆ ಆ ದಿನವೇ ನನಗೆ ಬೆಳಿಗ್ಗೆ ಏಳಕ್ಕೆ ಬಸ್ಸಿತ್ತು. 'ನಡಕೊಂಡು ಹೋಗಪ್ಪ, ಬ್ಯಾಗ್ ನಾನು ಹಿಡೀತೀನಿ' ಅಂತ ಬಸ್ ಸ್ಟ್ಯಾಂಡಿನವರೆಗೂ ನಡೆದೇ ಬಂದಿದ್ದರು. ಆನಗೋಡಿನ ಕಡೆ ಬಾಡಿಗೆ ಬಂದರೆ ಬೇಡ ಅಂತಿರಲಿಲ್ಲ. ಆ ಜಾಗ ಬಂದಾಗ ಮಾತು ನಿಲ್ಲಿಸೋರು, ಅಷ್ಟೇ.

ಅಮ್ಮ ಅದನ್ನ ದೇವರ ಮನೆಯಲ್ಲಿ ಅಪ್ಪನ ಫೋಟೋ ಪಕ್ಕ ಇಡೋಣ ಅಂತಾಳೆ. ಅಣ್ಣನಿಗೆ ಸಿನಿಮಾದವರ ಫೋಟೋ ಅಲ್ಲಿಡೋದು ಸರಿ ಕಾಣ್ತಿಲ್ಲ. ನನ್ನ ತಲೆ ಕೊರೀತಿರೋದೇ ಬೇರೆ. ಒಂದು ಸಲವೂ ಎದುರು ನಿಂತು ಮಾತಾಡದ ಮನುಷ್ಯನ ಸಾವನ್ನ ಅಪ್ಪ ಅಷ್ಟು ವರ್ಷ ಯಾಕೆ ಹೊತ್ತುಕೊಂಡಿದ್ದರು? ಅವರಿದ್ದಾಗ ಕೇಳಬೇಕಿತ್ತು. ಕೇಳಲಿಲ್ಲ.

ಉತ್ತರ 1 (ಆಟೋ ಚಾಲಕ, ಬೆಂಗಳೂರು)

ಅಣ್ಣಾ, ನಾನು ಹುಟ್ಟೋಕೆ ಐದು ವರ್ಷ ಮುಂಚೆಯೇ ಶಂಕ್ರಣ್ಣ ಹೋಗಿಬಿಟ್ಟಿದ್ರು. ಆದ್ರೂ ನನ್ನ ಗಾಡಿ ಹಿಂದೆ ಅವರೇ ಇರೋದು. 1980ರಲ್ಲಿ ಅವರ 'ಆಟೋ ರಾಜ' ಸಿನಿಮಾ ಬಂತು. ಅದರಲ್ಲಿ ಈ ಖಾಕಿ ಅಂಗಿ ಹಾಕ್ಕೊಂಡವನೇ ಹೀರೋ. ದಿನಾ ಬೆಳಗಾದ್ರೆ ಚಿಲ್ಲರೆಗೆ, ಮೀಟರಿಗೆ ಬೈಸಿಕೊಳ್ಳೋ ನಮಗೆ ಅದು ಎಷ್ಟು ದೊಡ್ಡದು ಅಂತ ಗಾಡಿ ಓಡಿಸಿದವರಿಗೇ ಗೊತ್ತು. ನಿಮ್ಮಪ್ಪಂಗೂ ಹಂಗೇ ಅನ್ಸಿರುತ್ತೆ. ನವೆಂಬರ್ 9, ಅವರ ಹುಟ್ಟಿದ ದಿನ, ನಮ್ಮ ಸ್ಟ್ಯಾಂಡಿನಲ್ಲಿ ಹಾರ ಹಾಕಿ ಸಿಹಿ ಹಂಚ್ತೀವಿ. ಫೋಟೋ ಮನೇಲಿ ಎಲ್ಲಾದ್ರೂ ಇಡಿ, ಬೀರುವಿನ ಮೇಲೆ ಮಾತ್ರ ಹಾಕ್ಬೇಡಿ.

ಉತ್ತರ 2 (ಹವ್ಯಾಸಿ ರಂಗತಂಡದಲ್ಲಿ ಬೆಳಕು ನೋಡಿಕೊಳ್ಳುವವಳು)

ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ವಿಷಯ ಹೇಳ್ತೀನಿ. ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಅನ್ನೋ ನಾಟಕಮಂದಿರ ಇದೆಯಲ್ಲ, ಅದು ಶುರುವಾಗಿದ್ದು 2004ರಲ್ಲಿ. ಅಂದರೆ ಆ ಅಪಘಾತವಾಗಿ ಹದಿನಾಲ್ಕು ವರ್ಷಕ್ಕೆ. ನಾಟಕಕ್ಕೆ ಅಂತಲೇ ಒಂದು ಜಾಗ ಬೇಕು ಅನ್ನೋದು ಶಂಕರ್ ಕನಸು. ಕಟ್ಟಿದವರು ಅವರ ಹೆಂಡತಿ ಅರುಂಧತಿ ನಾಗ್. ಈಗೆಲ್ಲ ಸಲೀಸಾಗಿ 'ಅವರ ನೆನಪಿಗೆ ಕಟ್ಟಿದ್ದು' ಅಂತೀವಿ. ನನಗೆ ಆ ಹದಿನಾಲ್ಕು ವರ್ಷದ ಮೇಲೇ ಕಣ್ಣು. ದುಃಖದಲ್ಲಿ ಒಂದು ಕಲ್ಲು ನೆಡೋದು ಸುಲಭ. ಜಾಗಕ್ಕೆ ಓಡಾಡಿ, ದುಡ್ಡಿಗೆ ಕೈಚಾಚಿ, ಅದೇ ಹೊತ್ತಲ್ಲಿ ತಾನೂ ರಂಗದ ಮೇಲೆ ನಿಲ್ಲೋದಿದೆಯಲ್ಲ, ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಅಲ್ಲಿ ಸೋಮವಾರ ಬಿಟ್ಟು ದಿನವೂ ನಾಟಕ ಇರಬೇಕು ಅನ್ನೋದು ಸಂಕಲ್ಪ. ಸಂಜೆ ಏಳೂವರೆಗೆ ಬಾಗಿಲು ಹಾಕಿದರೆ ಆಯ್ತು, ಯಾರೇ ಬಂದರೂ ತೆಗೆಯೋದಿಲ್ಲ. ಒಳಗೆ ದೀಪ ಆರಿ, ಮುನ್ನೂರು ಜನ ಉಸಿರು ಬಿಗಿಹಿಡಿದು ಕೂತಿರೋ ಆ ಒಂದು ನಿಮಿಷ ಪ್ರತಿ ಸಲವೂ ನನಗೆ ಆ ಮನುಷ್ಯನ ನೆನಪಾಗುತ್ತೆ. ನಾನು ಅವರನ್ನ ಕಂಡಿದ್ದು ಟಿವಿಯಲ್ಲಿ ಮಾತ್ರ. ನಿಮ್ಮಪ್ಪ ಬಿಸಿಲು ಏರೋತನಕ ಕಾಯ್ತಿದ್ದರು ಅಂದಿರಲ್ಲ, ಅದನ್ನ ಓದಿದಾಗ ಥಟ್ಟನೆ ಹೊಳೆದಿದ್ದು ಈ ಏಳೂವರೆಯ ಬಾಗಿಲೇ.

ಉತ್ತರ 3

ನನ್ನ ಮಾತು ಒರಟು ಅನ್ನಿಸಿದರೆ ಕ್ಷಮಿಸಿ. ನನ್ನ ಮಗನೂ ಹೈವೇಯಲ್ಲೇ ಹೋದ. 'ಎಲ್ಲಕ್ಕೂ ಒಂದು ಕಾರಣ ಇರುತ್ತೆ' ಅಂತ ಮನೆಗೆ ಬಂದವರೆಲ್ಲ ಹೇಳಿದರು. ಇಲ್ಲ. ಆ ಸಾವಿಗೂ ಅರ್ಥವಿರಲಿಲ್ಲ, ಶಂಕರ್ ಸಾವಿಗೂ ಇಲ್ಲ. ಬದುಕಿದ್ದರೆ ಇನ್ನೂ ಎಷ್ಟು ಚಿತ್ರ ಮಾಡ್ತಿದ್ದರೋ. ರಂಗಶಂಕರ ಎಷ್ಟೇ ದೊಡ್ಡದಾಗಲಿ, ಅದನ್ನ ಆ ಸಾವಿನ ಲೆಕ್ಕಕ್ಕೆ ಜಮಾ ಮಾಡಬೇಡಿ. ಕಟ್ಟಿದವರ ಲೆಕ್ಕಕ್ಕೆ ಬರೀರಿ.

ಉತ್ತರ 2ರವರಿಂದ ಮತ್ತೆ

ಒಪ್ಪಿದೆ ಸರ್. ನಾನು ಹೇಳಬೇಕಿದ್ದಿದ್ದೂ ಅದನ್ನೇ, ನೀವು ನೇರವಾಗಿ ಹೇಳಿದಿರಿ. ನಿಮ್ಮ ಮಗನ ವಿಷಯ ಕೇಳಿ ತುಂಬ ಸಂಕಟವಾಯ್ತು.

ಉತ್ತರ 4 (ಶಿವಮೊಗ್ಗ ಜಿಲ್ಲೆ)

ನಮ್ಮ ಅರಸಾಳು ರೈಲ್ವೆ ಸ್ಟೇಷನ್ನೇ ಶಂಕರ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮಾಲ್ಗುಡಿ ಸ್ಟೇಷನ್. ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಅಮ್ಮನನ್ನ ಒಂದು ಸಲ ಕರಕೊಂಡು ಬನ್ನಿ.

ಪ್ರಶ್ನೆ ಕೇಳಿದವರಿಂದ

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಮೂರನೇ ಉತ್ತರ ಬರೆದ ಸರ್, ನಿಮ್ಮದನ್ನ ಎರಡು ಸಲ ಓದಿಸಿಕೊಂಡಳು. ಆಮೇಲೆ ನಾನು ಕೇಳದೆಯೇ ಹೇಳಿದಳು: 'ನಿಮ್ಮಪ್ಪ ಅವತ್ತಿನಿಂದ ರಾತ್ರಿ ದೂರದ ಬಾಡಿಗೆ ಬಿಟ್ಟರು. ದುಡ್ಡಿಗೆ ಎಷ್ಟೇ ಕಷ್ಟ ಇದ್ದರೂ ಹೋಗಲಿಲ್ಲ. ನಂಗೂ ಮಕ್ಕಳಿದ್ದಾರೆ ಅನ್ನೋರು.' ಇದು ನನಗೆ ಗೊತ್ತೇ ಇರಲಿಲ್ಲ.

ಫೋಟೋ ದೇವರ ಮನೆಗೆ ಹೋಗಲಿಲ್ಲ. ಹೊರಬಾಗಿಲ ಪಕ್ಕ, ಅಪ್ಪ ಗಾಡಿ ಕೀ ತೂಗುಹಾಕ್ತಿದ್ದ ಮೊಳೆಗೆ ಅಣ್ಣನೇ ಸಿಕ್ಕಿಸಿದ. ಭಾನುವಾರ ಹುಡುಗ ಗಾಡಿ ಒಯ್ಯೋಕೆ ಬರ್ತಾನೆ.