ಪದಚರ್ಚೆ: ರೆಬೋಸೊ, ಹಾಸ್ಪೆ, ರಾಪಾಸೇಹೊ – ಕನ್ನಡದಲ್ಲಿ ಏನನ್ನೋಣ?

ಮೆಕ್ಸಿಕೋ ನೇಯ್ಗೆಯ ಪ್ರದರ್ಶನಕ್ಕೆ ಕನ್ನಡ ಫಲಕ ಬೇಕು, ಸಂಜೆಯೊಳಗೆ ಅಚ್ಚಿಗೆ. ರೆಬೋಸೊ ಎಂದರೆ ಹೆಂಗಸರು ತಲೆಗೋ ಹೆಗಲಿಗೋ ಹೊದೆಯುವ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲೂ ಬಳಸುವ ಎರಡು-ಮೂರು ಮೀಟರ್ ಬಟ್ಟೆ. ಹಾಸ್ಪೆ ಅದರ ಬಣ್ಣದ ಕೆಲಸ, ರಾಪಾಸೇಹೊ ತುದಿಯ ಗಂಟಿನ ಕೆಲಸ. ‘ಶಾಲು, ಬಾಂಧನಿ, ಕುಚ್ಚು’ ಅಂದರೆ ನಡೆದೀತೆ?
– ಮ.

> ಬಾಂಧನಿ

ಖಂಡಿತ ತಪ್ಪು. ಬಾಂಧನಿಯಲ್ಲಿ ಕಟ್ಟುವುದು ನೇಯ್ದ ಬಟ್ಟೆಯನ್ನು; ಹಾಸ್ಪೆಯಲ್ಲಿ ನೇಯುವ ಮೊದಲೇ ಹಾಸಿನ ನೂಲನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳನ್ನು. ಎಳೆಗಳನ್ನು ಕಂತೆ ಮಾಡಿ ಬಿಗಿದು, ಬಣ್ಣ ತಾಕಬಾರದ ಕಡೆ ದಾರ ಸುತ್ತಿ, ಅದ್ದಿ, ಒಣಗಿಸಿ, ಬಿಚ್ಚಿ, ಆಮೇಲೆ ಮಗ್ಗಕ್ಕೆ. ಕಟ್ಟು ಸಡಿಲಾದರೆ ಬಣ್ಣ ಒಳಗೆ ನುಗ್ಗಿ ಚಿತ್ರ ಕಲೆಯಾಗುತ್ತದೆ. ಮಗ್ಗಕ್ಕೇರಿಸುವಾಗ ಎಳೆ ಜಾರಿದರೆ ಚಿತ್ರವೇ ಒಡೆಯುತ್ತದೆ. ತುಸು ಜಾರುವುದು ಇದ್ದದ್ದೇ. ಬಾಣದ ಗರಿಯಂಥ ಆ ಮಸುಕು ಅಂಚು ಅಲ್ಲಿಂದಲೇ ಬರುವುದು. ‘ಇಕತ್’ ಎನ್ನಿ, ಪೋಚಂಪಲ್ಲಿ ಸೀರೆ ಕಂಡವರಿಗೆ ಗೊತ್ತಾಗುತ್ತದೆ.
– ವಿ.ಎಸ್.

ಇಕತ್ ಮಲಯ ಪದ. ಮೆಕ್ಸಿಕೋದ ವಸ್ತುವಿಗೆ ಮಲಯ ಹೆಸರನ್ನು ಕನ್ನಡದ ಫಲಕದಲ್ಲಿ? ‘ಕಟ್ಟುನೂಲು’ ಇರಲಿ. ಅಂದಹಾಗೆ ಹಾಸ್ಪೆಯಲ್ಲಿ ನಮ್ಮ ‘ಹಾಸು’ ಕೇಳಿಸುತ್ತಿಲ್ಲವೇ? ಎರಡೂ ನೇಯ್ಗೆಯ ಮಾತೇ.
– ಕೆ.

ಕೇಳಿಸುತ್ತಿಲ್ಲ. ಅದು ಜಾಸ್ಪರ್ ಕಲ್ಲಿನ ಹೆಸರು, ಲ್ಯಾಟಿನ್ನಿನಿಂದ ಬಂದದ್ದು. ಸ್ಪ್ಯಾನಿಷಿನ ಆ ‘ಹ’ ಉಚ್ಚಾರಣೆ ನಾಲ್ಕು ಶತಮಾನದ ಈಚಿನದು. ‘ಕಟ್ಟುನೂಲು’ ಚೆನ್ನಾಗಿದೆ, ವ್ಯುತ್ಪತ್ತಿ ಬಿಡಿ.
– ವಿ.ಎಸ್.

> ಕುಚ್ಚು

ಕುಚ್ಚು ಎಂದರೆ ಒಂದು ಗೊಂಚಲು. ಸಾಂತಾ ಮರೀಯಾ ದೆಲ್ ರೀಯೊ, ತೆನಾನ್ಸಿಂಗೊ ಊರುಗಳ ರೆಬೋಸೊದಲ್ಲಿ ನೇಯದೆ ಬಿಟ್ಟ ಹಾಸಿನ ತುದಿಗಳನ್ನೇ ಗಂಟಿಕ್ಕಿ ಬಲೆ ಹೆಣೆಯುತ್ತಾರೆ; ನೇಯುವುದಕ್ಕಿಂತ ಹೆಚ್ಚು ದಿನ ಅದಕ್ಕೇ ಹಿಡಿಯುವುದುಂಟು. ‘ಗಂಟುಜಾಲರಿ’ ಎನ್ನಿ.
– ಲ.

ಜಾಲರಿ ಸಂಸ್ಕೃತ.
– ಕೆ.

ಶಾಲು ಪಾರಸಿ. ಅದಕ್ಕೆ ನಿಮ್ಮಿಂದ ತಕರಾರೇ ಬರಲಿಲ್ಲವಲ್ಲ?
– ಲ.

ಶಾಲು ಬೇರೆ ಕಾರಣಕ್ಕೇ ಬೇಡ; ಸನ್ಮಾನದ ನೆನಪು ಬರುತ್ತದೆ. ‘ರೆಬೋಸಾರ್’ ಎಂದರೆ ಮುಖ ಮುಚ್ಚುವಂತೆ ಹೊದೆಯುವುದು, ಅಚ್ಚುಕಟ್ಟಾಗಿ ನಮ್ಮ ‘ಮುಸುಕು’.
– ಕೆ.

ಧಾತು ಹೊಂದುತ್ತದೆ, ಬಳಕೆ ಹೊಂದದು. ಮಗುವನ್ನು ಮುಸುಕಿನಲ್ಲಿ ಕಟ್ಟಿಕೊಂಡಳು ಎಂದರೆ ಓದುಗ ನಗುತ್ತಾನೆ. ರೆಬೋಸೊ ಎಂದೇ ಇರಲಿ; ‘ರೆಬೋಜೊ’ ಮಾತ್ರ ಬೇಡ, ಮೆಕ್ಸಿಕೋದವರ ಬಾಯಲ್ಲಿ ಅದು ‘ಸ’. ಸ್ಪ್ಯಾನಿಷರೂ ‘ಉಯಿಪಿಲ್’ ಎಂಬ ಉಡುಪಿನ ಹೆಸರನ್ನು ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಾದ ನಾವಾತ್ಲ್‌ನಿಂದ ಹಾಗೇ ಎತ್ತಿಕೊಂಡರು. ಚೀನಾದಲ್ಲಿ ಕಸೂತಿಯಾಗಿ ಹಡಗೇರಿದ ಶಾಲಿಗೆ ‘ಮಾಂತೋನ್ ದೆ ಮನೀಲಾ’ ಎಂದರು, ಹಡಗು ಹೊರಟ ಬಂದರಿನ ಹೆಸರಲ್ಲಿ. ಅವರ ಭಾಷೆಯೇನೂ ಮುಳುಗಲಿಲ್ಲ.
– ವಿ.ಎಸ್.

ಮುಳುಗುವುದು ಆಳುವವರ ಭಾಷೆಯಲ್ಲ. ನಾವಾತ್ಲ್ ಎಲ್ಲಿದೆ ಈಗ?
– ಕೆ.

ಮೆಕ್ಸಿಕೋದಲ್ಲೇ ಇದೆ, ಹತ್ತು ಲಕ್ಷಕ್ಕೂ ಮೀರಿದ ಜನ ಆಡುತ್ತಾರೆ.
– ಲ.

ಅಚ್ಚಿಗೆ ಕಳಿಸಿದ್ದು: ‘ರೆಬೋಸೊ: ಕಟ್ಟುನೂಲಿನ ಹೊದಿಕೆ. ಹಾಸಿನ ನೂಲನ್ನು ನೇಯುವ ಮೊದಲೇ ಕಟ್ಟಿ ಬಣ್ಣಕ್ಕೆ ಅದ್ದಿದ್ದು. ತುದಿಯಲ್ಲಿ ಗಂಟುಜಾಲರಿ.’
– ಮ.

‘ಗಂಟುಬಲೆ’ ಆಗಬಹುದಿತ್ತು.
– ಕೆ.