ಥಾರ್ ಮರಳಿನಲ್ಲಿ ಮೂರು ರಾತ್ರಿ: ಹೋಗಿ ಬಂದವರು ಸ್ವಲ್ಪ ಹೇಳಿ

ಉಡುಪಿಯಿಂದ ಕೇಳುತ್ತಿದ್ದೇನೆ. ಡಿಸೆಂಬರ್ ಕೊನೆಗೆ ನಾನು, ನಮ್ಮವರು, ಹನ್ನೊಂದು ವರ್ಷದ ಮಗಳು ಜೈಸಲ್ಮೇರ್ ಕಡೆಗೆ ಹೋಗುವ ಆಲೋಚನೆ ಉಂಟು. ಗೈಡ್ ಜೊತೆ ಸ್ವಲ್ಪ ಒಂಟೆ ಮೇಲೆ, ಸ್ವಲ್ಪ ನಡೆದುಕೊಂಡು, ಮೂರು ರಾತ್ರಿ ಮರಳಿನಲ್ಲೇ ಡೇರೆ. ಜನರೇಟರ್, ಡಿಜೆ ಬೇಡ. ಈಗ ಎಲ್ಲರೂ ಪರಿಸರಸ್ನೇಹಿ ಎಂದು ಬರೆದುಕೊಳ್ಳುತ್ತಾರೆ. ನಿಜವಾಗಿ ಹಾಗೆ ನಡೆಸುವವರನ್ನು ಗುರುತಿಸುವುದು ಹೇಗೆ? ಮಗಳಿಗೆ ಕಷ್ಟ ಆಗಬಹುದಾ?

ಬ್ರಹ್ಮಾವರದಿಂದ:

ಅಕ್ಕ, ನಾವು ಎರಡು ಸಲ ಹೋಗಿದ್ದೇವೆ. ಮೊದಲನೇ ಸಲ ಮೋಸ ಹೋದೆವು, ಎರಡನೇ ಸಲ ಒಳ್ಳೆಯವರು ಸಿಕ್ಕಿದರು.

ಮೊದಲ ಸಲ ಉಳಿದದ್ದು ಸಮ್ ದಿಬ್ಬಗಳ ಹತ್ತಿರ, ಜೈಸಲ್ಮೇರ್ ಪೇಟೆಯಿಂದ ಸುಮಾರು 40 ಕಿ.ಮೀ. ಡೇರೆಯೊಳಗೇ ಶವರ್, ಫ್ಲಶ್ ಎಲ್ಲ ಇತ್ತು. ಸಂಜೆಯಾದರೆ ದಿಬ್ಬದ ಮೇಲೆ ಜೀಪುಗಳ ಓಟ. ಬೆಳಿಗ್ಗೆ ಬೇಗ ಎದ್ದು ಡೇರೆಗಳ ಹಿಂದೆ ಹೋಗಿ ನೋಡಿದೆ. ಬಾಟಲಿ, ಪ್ಲಾಸ್ಟಿಕ್ ತಟ್ಟೆ ಎಲ್ಲ ಅರ್ಧ ಹೂತುಹೋಗಿ ಬಿದ್ದಿದ್ದವು. ನೀರು ಎಲ್ಲಿಂದ ಎಂದು ಕೇಳಿದರೆ, ಟ್ಯಾಂಕರಿನಲ್ಲಿ ಬರುತ್ತದೆ ಎಂದರು. ನಮ್ಮ ಕಡೆ ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ. ಜೈಸಲ್ಮೇರಿನಲ್ಲಿ ಸುಮಾರು 200 ಅಷ್ಟೇ. ಜುಲೈಯಲ್ಲಿ ಜೋರು ಮಳೆ ಹಿಡಿದರೆ ನಮ್ಮ ಅಂಗಳಕ್ಕೆ ಎರಡು ದಿನದಲ್ಲಿ ಬೀಳುವ ನೀರಲ್ಲಿ ಅವರು ವರ್ಷ ಕಳೆಯಬೇಕು. ಆ ಊರಿನಲ್ಲಿ ನಾನು ದಿನಾ ಎರಡು ಬಕೆಟ್ ಮೈಮೇಲೆ ಹೊಯ್ದುಕೊಂಡೆನಲ್ಲ ಎಂದು ಇವತ್ತಿಗೂ ಬೇಸರ ಆಗುತ್ತದೆ.

ಹಾಗಾಗಿ ಫೋನಿನಲ್ಲಿ ಮೊದಲು ನೀರಿನ ಲೆಕ್ಕ ಕೇಳಿ. ಎಲ್ಲಿಂದ ತರುತ್ತೀರಿ, ಒಬ್ಬರಿಗೆ ದಿನಕ್ಕೆ ಎಷ್ಟು? ನಮ್ಮ ಎರಡನೇ ಗೈಡ್ ಖುರಿ ಹಳ್ಳಿಯ ಕಡೆಯವರು. ತಡವರಿಸದೆ ಹೇಳಿದರು: ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ಆರು ಲೀಟರ್, ಕ್ಯಾನಿನಲ್ಲಿ ಒಂಟೆ ಮೇಲೆ ಬರುತ್ತದೆ, ಸ್ನಾನ ಇಲ್ಲ. ಪಾತ್ರೆ ತೊಳೆದದ್ದು ಮರಳಿನಲ್ಲೇ. ಒಣ ಮರಳು ಹಾಕಿ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಪೂರ್ತಿ ಹೋಗುತ್ತದೆ. ನಮ್ಮ ಅಜ್ಜಿಯಂದಿರು ತೆಂಗಿನ ನಾರಿನಲ್ಲಿ ಬೂದಿ ಹಾಕಿ ತಿಕ್ಕುತ್ತಿದ್ದರಲ್ಲ, ಹಾಗೆಯೇ.

ಎರಡನೆಯದು ಸೌದೆ. ಕ್ಯಾಂಪ್‌ಫೈರ್ ಉಂಟು ಎಂದು ದೊಡ್ಡದಾಗಿ ಹಾಕುವವರ ಹತ್ತಿರ ಸೌದೆ ಎಲ್ಲಿಂದ ಎಂದು ಕೇಳಲೇಬೇಕು. ಅಲ್ಲಿನ ಮುಖ್ಯ ಮರ ಖೇಜ್ರಿ. ಅದು ಬೇರೆ ಯಾವುದೂ ಅಲ್ಲ, ನಾವು ದಸರೆಗೆ ಪೂಜೆ ಮಾಡುವ ಬನ್ನಿ. ಸೊಪ್ಪು ಆಡಿಗೆ, ಒಂಟೆಗೆ ಮೇವು. ಎಳೆ ಕಾಯಿ ಸಾಂಗ್ರಿ, ಅದರ ಪಲ್ಯ ನಾವು ಮೂರು ದಿನವೂ ಸಜ್ಜೆ ರೊಟ್ಟಿ ಜೊತೆ ತಿಂದೆವು. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ಬಿಡದೆ ಅಮೃತಾ ದೇವಿ ಮತ್ತು ಉಳಿದವರು ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಗೈಡ್ ಇದನ್ನು ಹೇಳಿದ್ದು ಒಂದು ಖೇಜ್ರಿಯ ನೆರಳಿನಲ್ಲೇ ಕೂತು. ಅವರು ಒಣಗಿದ ಗೆಲ್ಲನ್ನೂ ಮುಟ್ಟಲಿಲ್ಲ. ಮನೆಯಿಂದ ತಂದ ಬೆರಣಿ, ಮತ್ತೆ ಒಂದು ಸಣ್ಣ ಗ್ಯಾಸ್, ಅಷ್ಟೇ.

ಶೌಚದ ವಿಷಯ ನಾಚಿಕೆ ಬಿಟ್ಟು ಕೇಳಿ. ದಾರಿ, ನೀರಿನ ಜಾಗದಿಂದ ದೂರ ಹೋಗಿ ಒಂದು ಗೇಣು ಆಳ ತೋಡಿ ಮುಚ್ಚಬೇಕು. ಆದರೆ ತೇವ ಇಲ್ಲದ ಕಾರಣ ನಮ್ಮ ತೋಟದ ಮಣ್ಣಿನ ಹಾಗೆ ಅಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಟಿಶ್ಯೂ, ಪ್ಯಾಡ್ ಎಲ್ಲ ಜಿಪ್ ಚೀಲದಲ್ಲಿ ವಾಪಸ್ ತರಬೇಕು. ಗೈಡ್ ತಾವಾಗಿಯೇ ಇದನ್ನು ಹೇಳಿದರೆ ನಂಬಬಹುದು.

ಸುರತ್ಕಲ್‌ನಿಂದ:

ನಮ್ಮ ಮಗನಿಗೆ ಆಗ ಒಂಬತ್ತು ವರ್ಷ. ಒಂಟೆ, ಊಟ, ಮರಳು ಯಾವುದೂ ಕಷ್ಟ ಆಗಲಿಲ್ಲ. ಚಳಿ ಮಾತ್ರ ಆಯಿತು. ಕರಾವಳಿಯ ಮಕ್ಕಳಿಗೆ ಅಂಥ ಚಳಿ ಗೊತ್ತೇ ಇಲ್ಲ, ಅಲ್ವಾ? ಹಗಲು 24-25 ಡಿಗ್ರಿ ಇದ್ದದ್ದು ರಾತ್ರಿ 7-8ಕ್ಕೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಟೊಪ್ಪಿ, ಎರಡು ಜೊತೆ ಉಣ್ಣೆ ಕಾಲುಚೀಲ, ಒಳಗೆ ಹಾಕುವ ಥರ್ಮಲ್ ಬೇಕೇ ಬೇಕು. ತುಟಿಗೆ ತೆಂಗಿನೆಣ್ಣೆ ಒಯ್ದಿದ್ದೆವು, ರಾತ್ರಿ ಕಲ್ಲಿನ ಹಾಗೆ ಗಟ್ಟಿಯಾಯಿತು. ವ್ಯಾಸಲೀನ್ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನಮ್ಮಲ್ಲಿ ಬೆವರು ಮೈಗೆ ಅಂಟುತ್ತದೆ. ಅಲ್ಲಿ ಬಂದ ಹಾಗೇ ಆರಿಹೋಗುತ್ತದೆ. ಮಗು ಬೆವರಿಲ್ಲ ಎಂದು ಆಡುತ್ತಲೇ ಇರುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಅವನಿಗೆ ಎರಡನೇ ದಿನ ತಲೆನೋವು ಬಂದದ್ದು ಹಾಗೇ. ಆಮೇಲೆ ಗಂಟೆಗೊಮ್ಮೆ ಕುಡಿಸಿದೆವು, ಓಆರ್‌ಎಸ್ ಕೂಡ ಕೊಟ್ಟೆವು. ಒಂಟೆ ಮೇಲೆ ಒಂದೇ ಸಮನೆ ಎರಡು ಗಂಟೆ ಕೂತರೆ ತೊಡೆ ಹಿಡಿಯುತ್ತದೆ, ಮಧ್ಯ ಮಧ್ಯ ಇಳಿದು ನಡೆಯಿರಿ. ತಲೆಗೆ ಕ್ಯಾಪಿಗಿಂತ ಬೈರಾಸು (ಟವೆಲ್) ಒಳ್ಳೆಯದು. ಗಾಳಿ ಎದ್ದಾಗ ಮೂಗು, ಬಾಯಿಯೂ ಮುಚ್ಚಬಹುದು.

ಮಣಿಪಾಲದಿಂದ:

ನಾನು ಹೋದದ್ದು ಹಕ್ಕಿಗಾಗಿ. ಅಲ್ಲಿನ ಡೆಸರ್ಟ್ ನ್ಯಾಷನಲ್ ಪಾರ್ಕ್ 3162 ಚದರ ಕಿ.ಮೀ. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಉಳಿದಿರುವ ಮುಖ್ಯ ಜಾಗ ಅದು. ನಮ್ಮ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ ಎನ್ನುತ್ತಾರಲ್ಲ, ಅದೇ ಹಕ್ಕಿ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನೇರ ಎದುರಿಗೆ ಇರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಜೀಪನ್ನು ದಾರಿ ಬಿಟ್ಟು ಸೇವಣ್ ಹುಲ್ಲಿನ ಮೇಲೆ ಓಡಿಸಿದರೆ ಅದಕ್ಕಿರುವ ಹುಲ್ಲುಗಾವಲೂ ಹೋಗುತ್ತದೆ. ಆ ಹುಲ್ಲಿನ ಬೇರುಗಳೇ ಮರಳನ್ನು ಹಿಡಿದಿಡುವುದು.

ಎರೆಭೂತ ತೋರಿಸುತ್ತೇವೆ ಎಂದು ಮಾತು ಕೊಡುವವರ ಜೊತೆ ಹೋಗಬೇಡಿ. ನನ್ನ ಗೈಡ್ ತುಂಬಾ ದೂರದಲ್ಲಿ ನಿಲ್ಲಿಸಿದರು. ದುರ್ಬೀನಿನಲ್ಲಿ ಕಂಡದ್ದು ಉದ್ದ ಬಿಳಿ ಕುತ್ತಿಗೆ, ಒಂದೆರಡು ನಿಮಿಷ. ನನಗೆ ಅಷ್ಟು ಸಾಕಾಯಿತು.

ಕೇಳಿದವರಿಂದ, ಮರುದಿನ:

ತುಂಬಾ ಉಪಕಾರ ಆಯಿತು. ಇವತ್ತು ಮೂವರಿಗೆ ಫೋನ್ ಮಾಡಿದೆ. ನೀರು ಎಷ್ಟು ಎಂದಾಗ ಇಬ್ಬರು, ಎಷ್ಟು ಬೇಕಾದರೂ ಕೊಡುತ್ತೇವೆ ಮೇಡಂ ಎಂದರು. ಮೂರನೆಯವರು ತಿರುಗಿ ನನ್ನನ್ನೇ ಕೇಳಿದರು: ನೀವು ಎಷ್ಟು ಜನ, ಎಷ್ಟು ದಿನ? ಆಮೇಲೆ ಕ್ಯಾನ್ ಲೆಕ್ಕ ಹಾಕಿ ಹೇಳಿದರು. ಅವರಿಗೇ ಮುಂಗಡ ಕಳಿಸಿದ್ದೇನೆ. ವಾರಕ್ಕೊಮ್ಮೆ ಉಡುಪಿಯ ಮೇಲೆ ಹೋಗುವ ಮರುಸಾಗರ್ ಎಕ್ಸ್‌ಪ್ರೆಸ್‌ನಲ್ಲಿ ಅಜ್ಮೇರ್ ತನಕ ಹೋಗಿ, ಅಲ್ಲಿಂದ ಮುಂದೆ ನೋಡಿಕೊಳ್ಳುತ್ತೇವೆ. ಮಗಳ ಅಳತೆಯ ಸ್ಲೀಪಿಂಗ್ ಬ್ಯಾಗ್ ಮಂಗಳೂರಿನಲ್ಲಿ ಎಲ್ಲಾದರೂ ಬಾಡಿಗೆಗೆ ಸಿಗುತ್ತದಾ?